ಕೀಮೋ ಸಮಯದಲ್ಲಿ ಕೂದಲು ಉಳಿಸಿಕೊಳ್ಳೋದು: ತಣ್ಣನೆಯ ಟೋಪಿ ಹಾಕಿಸಿಕೊಳ್ಳುವವರಿಗೆ

ಮಂಡ್ಯದ ನಮ್ಮ ಬೀದಿಯಲ್ಲಿ ಹೆಂಗಸೊಬ್ಬರು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹಾಲು ತರಲು ಹೋದರೆ ಸಾಕು, ಸಂಜೆಯೊಳಗೆ ಹತ್ತು ಮನೆಗೆ ಸುದ್ದಿ ಮುಟ್ಟಿರುತ್ತದೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಅವಳು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, ಮಗಳ ಪಿಯುಸಿ ಪರೀಕ್ಷೆ ಮುಗಿಯೋವರೆಗೆ ಕಾಯಬಹುದಾ ಅನ್ನೋದು. ಬೇಡ ಅಂದರು. ಎರಡನೇ ಪ್ರಶ್ನೆ ಕೂದಲಿನದು. ಅದನ್ನು ಕೇಳುವಾಗ ಅವಳಿಗೇ ನಾಚಿಕೆ. ಜೀವದ ಮಾತಿನ ಮಧ್ಯೆ ಕೂದಲಿನ ಮಾತು ಯಾಕೆ ಅಂದುಕೊಂಡಿರಬೇಕು. ಆದರೆ ಅವಳಿಗೆ ಬೇಕಾಗಿದ್ದು ಚಂದ ಕಾಣೋದಲ್ಲ. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಅನ್ನೋದು ತನ್ನ ಕೈಯಲ್ಲೇ ಇರಬೇಕು, ಅಷ್ಟೇ.

ಮೈಸೂರಿನಲ್ಲಿ ಅವಳಿಗೆ ನಾಲ್ಕು ಕೀಮೋ ಆಯಿತು, 21 ದಿನಕ್ಕೊಂದು. ನಾಲ್ಕೂ ಸಲ ಪಕ್ಕದಲ್ಲಿ ಕೂತವಳು ನಾನು. ಕೀಮೋ ಹೊತ್ತಿನಲ್ಲಿ ತಲೆಗೆ ತಣ್ಣನೆಯ ಟೋಪಿ ಹಾಕಿಸಿದ್ದರಿಂದ ಕೂದಲು ಮುಕ್ಕಾಲು ಪಾಲು ಉಳಿಯಿತು. ಒಂದು ಕಡೆ ಮಾತ್ರ ಹೋಯಿತು, ಅದೂ ನಮ್ಮ ಗಮನ ತಪ್ಪಿದ್ದರಿಂದ. ಅದನ್ನೆಲ್ಲ ಮುಂದೆ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಔಷಧಿಯ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು.

ತಣ್ಣಗೆ ಮಾಡಿದರೆ ಕೂದಲು ಯಾಕೆ ಉಳಿಯುತ್ತೆ?

ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹುಡುಕಿ ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ, ಕೂದಲ ಬುಡದ ಕೋಶವೂ ಹಾಗೇ ಬೆಳೆಯುತ್ತದೆ. ನಮ್ಮ ತಲೆಯ ನೂರು ಕೂದಲಲ್ಲಿ 85ರಿಂದ 90 ಯಾವಾಗಲೂ ಬೆಳೆಯುತ್ತಾ ಇರುತ್ತವೆ. ಹಾಗಾಗಿಯೇ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಹಿಡಿ ಹಿಡಿಯಾಗಿ ಉದುರೋದು.

ಔಷಧಿ ರಕ್ತದಲ್ಲಿ ಓಡಾಡುವ ಹೊತ್ತಿನಲ್ಲಿ ತಲೆಯ ಚರ್ಮವನ್ನು ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಅಲ್ಲಿಯ ರಕ್ತನಾಳಗಳು ಸಂಕುಚಿಸುತ್ತವೆ. ಕೂದಲ ಬುಡಕ್ಕೆ ಹೋಗುವ ಔಷಧಿ ಕಮ್ಮಿಯಾಗುತ್ತದೆ. ಬುಡದ ಕೋಶಗಳೂ ಚಳಿಗೆ ಮುದುಡಿ ಕೆಲಸ ನಿಧಾನ ಮಾಡುತ್ತವೆ, ಬಂದ ಔಷಧಿಯನ್ನೂ ಅಷ್ಟಾಗಿ ಹೀರಿಕೊಳ್ಳುವುದಿಲ್ಲ.

ಎರಡು ಬಗೆಯ ಟೋಪಿ ಇವೆ. ಒಂದು ಯಂತ್ರದ್ದು. ಸಣ್ಣ ಫ್ರಿಜ್‌ನಷ್ಟಿರುವ ಯಂತ್ರದಿಂದ ತಣ್ಣನೆ ದ್ರವ ಕೊಳವೆಯಲ್ಲಿ ಬಂದು ಸಿಲಿಕಾನ್ ಕ್ಯಾಪ್ ಒಳಗೆ ಸುತ್ತುತ್ತಿರುತ್ತದೆ. ಸ್ವೀಡನ್ನಿನ ಡಿಗ್ನಿಕ್ಯಾಪ್, ಇಂಗ್ಲೆಂಡಿನ ಪ್ಯಾಕ್ಸ್‌ಮನ್ ಇದರಲ್ಲಿ ಹೆಸರಾದವು. ಅಮೆರಿಕದಲ್ಲಿ ಮೊದಲನೆಯದಕ್ಕೆ 2015ರಲ್ಲಿ, ಎರಡನೆಯದಕ್ಕೆ 2017ರಲ್ಲಿ ಅನುಮತಿ ಸಿಕ್ಕಿತು. ಇನ್ನೊಂದು ಕೈಯಲ್ಲಿ ಹಾಕುವ ಜೆಲ್ ಟೋಪಿ. ಅದನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ ತಂದು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಿಸಬೇಕು. ಬದಲಿಸೋದಕ್ಕೇ ಒಬ್ಬರು ಜೊತೆಗೆ ಬೇಕು. ನಾನು ಬರೆಯುತ್ತಿರೋದು ಯಂತ್ರದ ಟೋಪಿಯ ಬಗ್ಗೆ.

ಎಷ್ಟು ನಂಬಬಹುದು?

ಪೂರ್ತಿ ನಂಬಿಕೊಂಡು ಹೋಗಬೇಡಿ. 2017ರಲ್ಲಿ ಸ್ತನ ಕ್ಯಾನ್ಸರ್ ಇರುವವರ ಮೇಲೆ ನಡೆದ ಎರಡು ಅಮೆರಿಕನ್ ಅಧ್ಯಯನಗಳ ಫಲಿತಾಂಶ ಒಟ್ಟಿಗೆ ಬಂತು. ಒಂದರಲ್ಲಿ ಟೋಪಿ ಹಾಕಿದ 95 ಮಂದಿಯಲ್ಲಿ 48 ಜನಕ್ಕೆ ಕೂದಲು ಉಳಿಯಿತು. ಇನ್ನೊಂದರಲ್ಲಿ 101ರಲ್ಲಿ 67 ಜನಕ್ಕೆ. ಟೋಪಿ ಇಲ್ಲದವರಲ್ಲಿ ಎರಡೂ ಕಡೆ ಒಬ್ಬರಿಗೂ ಉಳಿಯಲಿಲ್ಲ. ನಮ್ಮವರ ಕೂದಲಿಗೆ ಇದೆಲ್ಲ ಆಗುತ್ತಾ ಅಂತ ಕೇಳುವವರಿಗೆ: ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 51 ಮಂದಿಯ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅಲ್ಲೂ ಟೋಪಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಉಳಿಯಿತು.

ಇಲ್ಲಿ ‘ಉಳಿಯಿತು’ ಅಂದರೆ ಏನು ಅಂತ ಗೊತ್ತಿರಬೇಕು. ಒಂದು ಕೂದಲೂ ಉದುರಲಿಲ್ಲ ಅಂತಲ್ಲ. ಅರ್ಧದವರೆಗೆ ಉದುರಿದರೂ ಅದು ಗೆದ್ದ ಲೆಕ್ಕವೇ. ಇದು ಮೊದಲೇ ತಲೆಯಲ್ಲಿದ್ದರೆ ಆಮೇಲೆ ಬಾಚಣಿಗೆ ನೋಡಿ ಎದೆ ಧಸಕ್ಕೆನ್ನುವುದಿಲ್ಲ.

ಔಷಧಿ ಯಾವುದು ಅನ್ನೋದರ ಮೇಲೂ ಹೋಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಇದ್ದರೆ ಟೋಪಿ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಸೋರೂಬಿಸಿನ್, ಅಂದರೆ ವಾರ್ಡಿನಲ್ಲಿ ಎಲ್ಲರೂ ‘ಕೆಂಪು ಔಷಧಿ’ ಅನ್ನೋದು, ಅದಿದ್ದರೆ ಗೆಲ್ಲೋದು ಕಷ್ಟ. ಕ್ಯಾಪೆಸಿಟಾಬಿನ್ ಮಾತ್ರೆ, ಜೆಮ್‌ಸಿಟಾಬಿನ್ ತರಹದವುಗಳಲ್ಲಿ ಕೂದಲು ಸ್ವಲ್ಪ ತೆಳ್ಳಗಾಗುತ್ತದೆ ಅಷ್ಟೇ. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಮೊದಲ ಡ್ರಿಪ್‌ಗಿಂತ ಮುಂಚೆಯೇ ಕೇಳಿ

ಈ ಲೇಖನದಲ್ಲಿ ಒಂದೇ ಸಾಲು ಓದೋದಾದರೆ ಇದನ್ನು ಓದಿ: ಟೋಪಿ ಮೊದಲ ಕೀಮೋದಿಂದಲೇ ಶುರುವಾಗಬೇಕು, ಪ್ರತಿ ಕೀಮೋಗೂ ಬೇಕು. ಒಂದು ಆಗಲಿ ನೋಡೋಣ, ಉದುರಿದರೆ ಹಾಕಿಸೋಣ ಅಂದರೆ ಆಗುವುದಿಲ್ಲ. ಉದುರೋದು ಕಣ್ಣಿಗೆ ಕಾಣುವ ಹೊತ್ತಿಗೆ ಬುಡಕ್ಕೆ ಪೆಟ್ಟು ಬಿದ್ದು ಎರಡು ವಾರ ಆಗಿರುತ್ತದೆ.

ಕೀಮೋ ತಾರೀಖು ಕೊಡುವ ದಿನವೇ ಒಂದು ಚೀಟಿ ಇಟ್ಟುಕೊಂಡು ಹೋಗಿ. ನಾವು ಕೇಳಿದ್ದು ಇವು. ನನ್ನ ಔಷಧಿಗಳ ಹೆಸರೇನು, ಅವಕ್ಕೆ ಟೋಪಿ ಉಪಯೋಗ ಆಗುತ್ತಾ? ನಿಮ್ಮಲ್ಲಿ ಯಂತ್ರ ಇದೆಯಾ, ಎಷ್ಟಿವೆ, ನಾಲ್ಕೂ ದಿನ ನಮಗೇ ಸಿಗುತ್ತಾ? ಕ್ಯಾಪ್ ಕೂರಿಸೋದು ಯಾರು, ಅವರಿಗೆ ಅಭ್ಯಾಸ ಇದೆಯಾ? ಒಂದು ಸಲಕ್ಕೆ ಎಷ್ಟು, ಕ್ಯಾಪ್ ನಾವೇ ಕೊಳ್ಳಬೇಕಾ? ಇನ್ಶೂರೆನ್ಸ್ ಅಥವಾ ಸರ್ಕಾರಿ ಕಾರ್ಡಿನ ಪ್ಯಾಕೇಜಿನಲ್ಲಿ ಇದು ಸೇರುತ್ತಾ? ಕೊನೆಯ ಪ್ರಶ್ನೆಯ ಉತ್ತರವನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಮೈಸೂರಿನಲ್ಲಿ ಕೀಮೋ ಕೊಡುವ ಆಸ್ಪತ್ರೆಗಳು ಹಲವು ಇವೆ. ಕೀಮೋ ಕೊಡುವ ಕಡೆಯೆಲ್ಲ ಟೋಪಿ ಇರುತ್ತೆ ಅಂದುಕೊಳ್ಳಬೇಡಿ. ಇಲ್ಲ ಅಂದರೆ ಟೋಪಿಗೋಸ್ಕರ ಚಿಕಿತ್ಸೆ ಮುಂದೂಡೋದಂತೂ ಖಂಡಿತ ಬೇಡ.

ಯಾರಿಗೆ ಬೇಡ

ಲ್ಯುಕೇಮಿಯಾ, ಲಿಂಫೋಮಾದಂಥ ರಕ್ತದ ಕ್ಯಾನ್ಸರ್ ಇದ್ದವರಿಗೆ ಇದು ಕೂಡದು. ಅಲ್ಲಿ ಔಷಧಿ ತಲೆಯ ಚರ್ಮವೂ ಸೇರಿ ಎಲ್ಲ ಕಡೆ ಹೋಗಲೇಬೇಕು. ತಲೆಗೆ ರೇಡಿಯೇಶನ್ ಕೊಡುವವರಿದ್ದರೂ ಬೇಡ. ಚಳಿಗೆ ಮೈ ದದ್ದೇಳುವವರು, ತಣ್ಣಗಾದರೆ ರಕ್ತ ಗಟ್ಟಿಯಾಗುವಂಥ ಕಾಯಿಲೆ ಇರುವವರು ಮೊದಲೇ ಹೇಳಬೇಕು. ‘ತಣ್ಣೀರು ಮುಟ್ಟಿದರೆ ನಂಗೆ ಗಂಧೆ ಏಳುತ್ತೆ’ ಅಂತ ಅಡುಗೆಮನೆಯಲ್ಲಿ ಹೇಳುವ ಮಾತನ್ನು ಡಾಕ್ಟರ್ ಮುಂದೆಯೂ ಹೇಳಿ.

ಔಷಧಿ ತಲೆಗೆ ಹೋಗದಿದ್ದರೆ ಕ್ಯಾನ್ಸರ್ ಅಲ್ಲೇ ಅಡಗಿ ಕೂತರೆ? ಅಕ್ಕನಿಗೂ ಈ ಭಯ ಇತ್ತು. ಸ್ತನ ಕ್ಯಾನ್ಸರ್ ಇದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ ಒಟ್ಟುಗೂಡಿಸಿ ನೋಡಿದ್ದಾರೆ. ಟೋಪಿ ಹಾಕಿದವರಲ್ಲೂ ಹಾಕದವರಲ್ಲೂ ತಲೆಚರ್ಮಕ್ಕೆ ಹರಡಿದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಿಂದಿನ ವಾರ

ಕೂದಲಿಗೆ ಬಣ್ಣ, ಮೆಹಂದಿ, ಸ್ಟ್ರೇಟನಿಂಗ್ ಎಲ್ಲ ನಿಲ್ಲಿಸಿ. ಉದ್ದ ಕೂದಲಿದ್ದರೆ ಬಾಬ್ ಮಾಡಿಸಲೇಬೇಕು ಅಂತೇನಿಲ್ಲ. ಅಕ್ಕ ಸೊಂಟದ ಜಡೆಯನ್ನು ಭುಜದವರೆಗೆ ತಂದಳು. ಭಾರ ಕಮ್ಮಿಯಾದರೆ ಬುಡ ಎಳೆಯೋದೂ ಕಮ್ಮಿ.

ಕೊಳ್ಳಬೇಕಾದ್ದು ಜಾಸ್ತಿ ಇಲ್ಲ. ಅಗಲ ಹಲ್ಲಿನ ಬಾಚಣಿಗೆ, ಮಕ್ಕಳಿಗೆ ಹಾಕುವಂಥ ಸೌಮ್ಯ ಶಾಂಪೂ, ಒಂದು ಕಂಡಿಷನರ್, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ನುಣುಪಾದ ಸ್ಯಾಟಿನ್ ದಿಂಬಿನ ಕವರ್. ನಾವು ಹಳೇ ಮೈಸೂರು ಸಿಲ್ಕ್ ಸೀರೆಯ ಹರಿದ ತುಂಡನ್ನು ದಿಂಬಿಗೆ ಹೊಲಿದೆವು. ಅಮ್ಮನಿಗೆ ಅದೊಂದು ಸಂಕಟ, ಹರಿದಿದ್ದರೂ ಸೀರೆ ಸೀರೆಯೇ.

ಮಂಡ್ಯದಿಂದ ಹೋಗುವವರು ಹೊತ್ತಿನ ಲೆಕ್ಕ ಹಾಕಿಕೊಳ್ಳಿ. ಟೋಪಿಯಿಂದ ಆಸ್ಪತ್ರೆಯಲ್ಲಿ ಎರಡು ಮೂರು ಗಂಟೆ ಜಾಸ್ತಿ ಹಿಡಿಯುತ್ತದೆ. ಬೆಳಗಿನ ಮೊದಲ ಕುರ್ಚಿ ಕೇಳಿ. ಬರೋದು 45 ಕಿಲೋಮೀಟರ್ ಅಷ್ಟೇ, ಆದರೆ ಒದ್ದೆ ತಲೆಯಲ್ಲಿ ಸಂಜೆ ಬಸ್ಸಿನ ಕಿಟಕಿ ಪಕ್ಕ ಕೂತರೆ ಶ್ರೀರಂಗಪಟ್ಟಣದ ಸೇತುವೆ ಬರುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತವೆ. ಎರಡನೇ ಸಲದಿಂದ ಕಾರು ಮಾಡಿಕೊಂಡೆವು.

ಆ ದಿನ: ಕ್ಯಾಪ್ ಕೂರಿಸೋದು

ತಲೆಯಲ್ಲಿ ಎಣ್ಣೆ ಇರಬಾರದು. ಸ್ವೆಟರ್, ಕಾಲುಚೀಲ, ದಪ್ಪ ಹೊದಿಕೆ, ಫ್ಲಾಸ್ಕಿನಲ್ಲಿ ಬಿಸಿ ಬಿಸಿ ಜೀರಿಗೆ ನೀರೋ ಕಾಫಿಯೋ ಇರಲಿ. ತಲೆನೋವಿಗೆ ಮುಂಚೆಯೇ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಅಕ್ಕನಿಗೆ ಒಂದು ಗಂಟೆ ಮುಂಚೆ ಕೊಟ್ಟರು.

ಸಿಸ್ಟರ್ ಮೊದಲು ಕೂದಲನ್ನು ಉಗುರುಬೆಚ್ಚಗಿನ ನೀರಿನಿಂದ ನೆನೆಸಿ, ಚೂರು ಕಂಡಿಷನರ್ ಸವರಿ ಹಿಂದಕ್ಕೆ ಬಾಚುತ್ತಾರೆ. ಒಣ ಕೂದಲಿನ ನಡುವೆ ಗಾಳಿ ಇರುತ್ತದೆ, ಗಾಳಿ ಇದ್ದರೆ ತಂಪು ಚರ್ಮಕ್ಕೆ ಇಳಿಯುವುದಿಲ್ಲ. ಹಣೆಯ ಮೇಲೆ, ಕಿವಿಯ ಮೇಲೆ ತೆಳು ಗಾಜ್ ಬಟ್ಟೆ ಇಡುತ್ತಾರೆ, ಚರ್ಮ ಸುಡದ ಹಾಗೆ. ಚಳಿಯೂ ಸುಡುತ್ತದೆ. ಆಮೇಲೆ ಸಿಲಿಕಾನ್ ಕ್ಯಾಪ್, ಅದರ ಮೇಲೆ ಬಿಗಿಯಾದ ಹೊರಟೋಪಿ, ಗದ್ದದ ಕೆಳಗೆ ಪಟ್ಟಿ.

ನಾವು ಎಡವಿದ್ದು ಇಲ್ಲೇ. ಮೊದಲ ದಿನ ವಾರ್ಡು ತುಂಬಿತ್ತು. ಹಾಕಿದ ಕ್ಯಾಪ್ ಅಕ್ಕನ ತಲೆಗೆ ಒಂದು ಅಳತೆ ದೊಡ್ಡದು. ಹಣೆ, ಕಿವಿ, ಹಿಂದಲೆ ಎಲ್ಲ ಬಿಗಿಯಾಗಿತ್ತು. ನೆತ್ತಿಯ ಹತ್ತಿರ ಮಾತ್ರ ಕ್ಯಾಪ್ ಗುಡಿಸಲಿನ ಹಾಗೆ ಎದ್ದು ನಿಂತಿತ್ತು. ಹೊರಟೋಪಿ ಮುಚ್ಚಿದ್ದರಿಂದ ಯಾರಿಗೂ ಕಾಣಲಿಲ್ಲ. ಅಕ್ಕ ಒಂದು ಸಲ ‘ಮೇಲ್ಗಡೆ ಅಷ್ಟು ಚಳಿ ಇಲ್ಲ ಕಣೆ’ ಅಂದಳು. ಒಳ್ಳೇದಾಯ್ತು ಬಿಡು ಅಂದೆ ನಾನು! ಹದಿನೇಳನೇ ದಿನ ನೆತ್ತಿಯಲ್ಲಿ ಅಂಗೈಯಗಲ ಕೂದಲು ಬುಡಸಮೇತ ಕೈಗೆ ಬಂತು. ಕ್ಯಾಪ್ ಎಲ್ಲಿ ತಾಗಿರಲಿಲ್ಲವೋ ಸರಿಯಾಗಿ ಅಲ್ಲೇ, ಗೆರೆ ಎಳೆದ ಹಾಗೆ.

ಎರಡನೇ ಸಲ ನಾನೇ ನಿಂತು ನೋಡಿದೆ. ಅಳತೆ ಚಿಕ್ಕದು ಕೇಳಿ ಹಾಕಿಸಿದೆವು. ನೀವು ಹೀಗೆ ಮಾಡಿ. ಹೊರಟೋಪಿ ಹಾಕುವ ಮುಂಚೆ ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ. ಕ್ಯಾಪ್ ಒಳಕ್ಕೆ ಕುಸಿದರೆ ಅಲ್ಲಿ ಗಾಳಿ ಇದೆ ಅಂತಲೇ ಅರ್ಥ. ಕೂದಲು ಒಂದೇ ಕಡೆ ಗುಂಪಾಗಿ ಗಂಟು ಬಿದ್ದಿಲ್ಲ ತಾನೆ ಅಂತ ನೋಡಿ. ಯಂತ್ರ ಹಾಕಿ ಐದು ಹತ್ತು ನಿಮಿಷಕ್ಕೆ ಹಾಕಿಸಿಕೊಂಡವರನ್ನೇ ಕೇಳಿ, ‘ಎಲ್ಲಿ ತಣ್ಣಗಿಲ್ಲ?’ ಅಂತ. ಎಲ್ಲ ಕಡೆ ಒಂದೇ ಸಮ ಕೊರೆಯುತ್ತಿರಬೇಕು. ಎಲ್ಲೋ ಒಂದು ಕಡೆ ಹಾಯಾಗಿದೆ ಅಂದರೆ ಡ್ರಿಪ್ ಶುರುವಾಗುವ ಮುಂಚೆ ಸಿಸ್ಟರನ್ನು ಕರೆಯಿರಿ. ಸಂಕೋಚ ಬೇಡ. ‘ಸಿಸ್ಟರ್, ಒಂಚೂರು ಬಿಗಿ ಮಾಡಿ ನೋಡ್ತೀರಾ’ ಅಂದರೆ ಯಾರೂ ಬೈಯುವುದಿಲ್ಲ.

ಡ್ರಿಪ್‌ಗೆ ಮುಂಚೆ ಅರ್ಧ ಗಂಟೆ, ಕೆಲವರಿಗೆ ಮುಕ್ಕಾಲು ಗಂಟೆ ತಲೆ ತಣ್ಣಗಾಗಬೇಕು. ವಾಂತಿ ತಡೆಯುವ ಔಷಧಿಗಳು ಹೋಗುವ ಹೊತ್ತಿನಲ್ಲೇ ಇದೂ ಆಗಿಬಿಡುತ್ತದೆ.

ಮೊದಲ ಕಾಲು ಗಂಟೆ

ಕಷ್ಟ ಇರೋದು ಇಲ್ಲೇ. ಹಣೆ ಸಿಡಿಯುತ್ತದೆ. ಐಸ್‌ಕ್ಯಾಂಡಿ ಕಚ್ಚಿದಾಗ ಬರುವ ನೋವು ಕಾಲು ಗಂಟೆ ಹಾಗೇ ನಿಂತರೆ ಹೇಗಿರುತ್ತೆ, ಹಾಗೆ. ಅಕ್ಕ ನನ್ನ ಕೈ ಗಟ್ಟಿ ಹಿಡಿದು ಯಂತ್ರದ ಗಡಿಯಾರವನ್ನೇ ನೋಡುತ್ತಿದ್ದಳು. ಹನ್ನೆರಡು ಹದಿಮೂರು ನಿಮಿಷಕ್ಕೆ ತಲೆ ಜೋಮು ಹಿಡಿದ ಹಾಗಾಯಿತು. ಆಮೇಲೆ ಮಗಳಿಗೆ ಫೋನ್ ಮಾಡಿ, ಕುಕ್ಕರ್ ಮೂರು ಸೀಟಿಗೆ ಆರಿಸು ಅಂದಳು.

ಈ ಹೊತ್ತಿನಲ್ಲೇ ಕೆಲವರು ಬೇಡಪ್ಪ ಅಂತ ತೆಗೆಸಿಬಿಡುತ್ತಾರೆ. ಇಪ್ಪತ್ತು ನಿಮಿಷ ಆಗಲಿ, ಆಮೇಲೆ ಯೋಚಿಸಿ. ಆಗಲೂ ತಡೆಯಲಾಗದಿದ್ದರೆ ತೆಗೆಸಿ, ಅದರಲ್ಲಿ ಸೋಲು ಅನ್ನುವಂಥದ್ದೇನೂ ಇಲ್ಲ. ಮೂತ್ರಕ್ಕೆ ಹೋಗಬೇಕಾದರೆ ಕೊಳವೆ ಬಿಚ್ಚಿ ಕ್ಯಾಪ್ ಸಮೇತ ಕಳಿಸುತ್ತಾರೆ. ಹತ್ತು ನಿಮಿಷದೊಳಗೆ ವಾಪಸ್ ಬನ್ನಿ.

ಡ್ರಿಪ್ ಮುಗಿದ ಮೇಲೆ

ಔಷಧಿ ಬಾಟಲಿ ಖಾಲಿಯಾದರೂ ರಕ್ತದಲ್ಲಿ ಔಷಧಿ ಇದ್ದೇ ಇರುತ್ತದೆ. ಹಾಗಾಗಿ ಟೋಪಿ ಇನ್ನೂ ಇರಬೇಕು. ಸಾಮಾನ್ಯವಾಗಿ ಒಂದೂವರೆ ಗಂಟೆ. ಡೋಸಿಟ್ಯಾಕ್ಸೆಲ್‌ಗೆ 20 ನಿಮಿಷವೂ ಸಾಕು ಅಂತ ನೆದರ್ಲೆಂಡ್ಸ್‌ನ ಅಧ್ಯಯನ ತೋರಿಸಿದೆ. ನಿಮ್ಮ ಆಸ್ಪತ್ರೆಯ ಲೆಕ್ಕ ಯಾವುದೋ ಅದನ್ನೇ ಪಾಲಿಸಿ. ಬಸ್ ತಪ್ಪುತ್ತೆ ಅಂತ ಮುಂಚೆ ಬಿಚ್ಚಿಸಬೇಡಿ.

ಯಂತ್ರ ಆರಿಸಿದ ತಕ್ಷಣ ಕ್ಯಾಪ್ ಎಳೆಯಲೂಬಾರದು. ಒದ್ದೆ ಕೂದಲು ಕ್ಯಾಪಿಗೆ ಹೆಪ್ಪುಗಟ್ಟಿ ಅಂಟಿರುತ್ತದೆ. ಐದು ಹತ್ತು ನಿಮಿಷ ಬಿಟ್ಟರೆ ತಾನಾಗಿ ಸಡಿಲ ಆಗುತ್ತದೆ.

ಮನೆಯಲ್ಲೇ ಐಸ್ ಕಟ್ಟಿಕೊಂಡರೆ ಆಗಲ್ವಾ ಅಂತ ಪಕ್ಕದ ಕುರ್ಚಿಯವರೊಬ್ಬರು ಕೇಳಿದರು. ಆಗಲ್ಲ. ಐಸ್ ತಂಪನ್ನು ಒಂದೇ ಮಟ್ಟದಲ್ಲಿ ಗಂಟೆಗಟ್ಟಲೆ ಹಿಡಿಯುವುದಿಲ್ಲ, ಚರ್ಮ ಮಾತ್ರ ಸುಡುತ್ತದೆ.

ಮನೆಯಲ್ಲಿ: ಹರಳೆಣ್ಣೆ ಜಗಳ

ಆಸ್ಪತ್ರೆಯದಕ್ಕಿಂತ ಮನೆಯದೇ ಕಷ್ಟ, ಅಲ್ವಾ? ನಮ್ಮ ಕಡೆ ಕೂದಲು ಉದುರುತ್ತೆ ಅಂದರೆ ಸಾಕು, ಹರಳೆಣ್ಣೆ ಕಾಯಿಸಿ, ನೆತ್ತಿಗೆ ತಟ್ಟಿ, ಹಂಡೆ ತುಂಬ ಸುಡುನೀರು ಕಾಯಿಸಿ, ಸೀಗೆಪುಡಿ ಹಾಕಿ ಕರಕರ ಉಜ್ಜಿ ಎರೆಯೋದು. ಅಮ್ಮ ಮೊದಲ ಶುಕ್ರವಾರವೇ ಎಣ್ಣೆ ಬಟ್ಟಲು ಹಿಡಿದು ಬಂದರು. ‘ತಂಪಲ್ವೇನೆ ಹರಳೆಣ್ಣೆ? ಆ ಮಿಷನ್‌ಗಿಂತ ಇದೇ ವಾಸಿ’ ಅಂದರು. ಎಣ್ಣೆಯೇನೂ ವಿಷವಲ್ಲ. ಆದರೆ ತಟ್ಟುವಾಗ, ಉಜ್ಜುವಾಗ ಬುಡ ಎಳೆಯುತ್ತದೆ. ಅಂಟು ಬಿಡಿಸಲು ಬಿಸಿನೀರು ಬೇಕು, ಜೋರಾಗಿ ತಿಕ್ಕಬೇಕು. ಈಗ ಅದೇ ಬೇಡವಾಗಿರೋದು. ಸೀಗೆಪುಡಿ, ಚಿಗರೆಪುಡಿಯ ತರಿಯೂ ಕೂದಲಲ್ಲಿ ಸಿಕ್ಕಿಕೊಂಡು ಬಾಚಿದಾಗ ಎಳೆಯುತ್ತದೆ.

ಕೀಮೋ ಆದ ಮಾರನೇ ದಿನದವರೆಗೆ ತಲೆ ಎರೆಯಬೇಡಿ. ಆಮೇಲೆ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ನೀರು ಉಗುರುಬೆಚ್ಚಗೆ. ಶಾಂಪೂವನ್ನು ಚೊಂಬಿನಲ್ಲಿ ನೀರಿಗೆ ಕಲಸಿ ಸುರಿದುಕೊಳ್ಳಿ. ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಮಾಡಿ ಉಜ್ಜಬೇಡಿ. ಟವಲ್‌ನಿಂದ ಫಟಫಟ ಹೊಡೆದು ಒದರೋ ಅಭ್ಯಾಸ ನಮ್ಮಲ್ಲಿದೆಯಲ್ಲ, ಅದೂ ಬೇಡ. ಒತ್ತಿ ಒರೆಸಿ, ಗಾಳಿಗೆ ಬಿಡಿ. ಡ್ರೈಯರ್ ಬಿಸಿ ಬೇಡ, ಸಾಂಬ್ರಾಣಿ ಕೆಂಡದ ಬಿಸಿಯೂ ಬೇಡ.

ಬಿಗಿ ಜಡೆ, ತುರುಬು, ರಬ್ಬರ್ ಬ್ಯಾಂಡ್ ಬಿಟ್ಟುಬಿಡಿ. ಮಲ್ಲಿಗೆ ಮುಡಿಯಬೇಕು ಅನ್ನಿಸಿದರೆ ಭಾರದ ದಂಡೆ ಬೇಡ, ತುದಿಗೆ ಒಂದು ಗೇಣು ಸಿಕ್ಕಿಸಿಕೊಳ್ಳಿ. ಬಾಚೋದನ್ನು ಮಾತ್ರ ಬಿಡಬೇಡಿ. ಉದುರುತ್ತೆ ಅನ್ನೋ ಹೆದರಿಕೆಗೆ ಎಷ್ಟೋ ಜನ ಬಾಚೋದೇ ಇಲ್ಲ. ಆಗ ಉದುರಿದ ಕೂದಲು ಇದ್ದ ಕೂದಲಿಗೆ ಸುತ್ತಿಕೊಂಡು ಗುಬ್ಬಿ ಗೂಡಿನ ಹಾಗೆ ಜಡ್ಡುಗಟ್ಟುತ್ತದೆ. ಕೊನೆಗೆ ಕತ್ತರಿಯೇ ಗತಿ. ದಿನಾ ಎರಡು ಹೊತ್ತು, ತುದಿಯಿಂದ ಶುರುಮಾಡಿ ಮೇಲಕ್ಕೆ, ಮೆಲ್ಲಗೆ ಬಾಚಿ.

ಉದುರಲು ಶುರುವಾದಾಗ

ಎರಡನೇ ವಾರ ಕಳೆದ ಮೇಲೆ ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ ಕೂದಲು ಕಾಣುತ್ತದೆ. ಟೋಪಿ ಕೆಲಸ ಮಾಡುತ್ತಿದ್ದರೂ ಕಾಣುತ್ತದೆ. ಅಲ್ಲಿಗೆ ಬಿಟ್ಟುಬಿಡಬೇಡಿ. ಮುಂದುವರಿಸಿದರೆ ಇದ್ದದ್ದು ಉಳಿಯಬಹುದು. ಹೋದ ಕಡೆಯೂ ಬೇಗ ಹುಟ್ಟುತ್ತದೆ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ಮುಂದೆ, ಹಿಂದೆ, ನೆತ್ತಿ ಅಂತ ಫೋಟೋ ತೆಗೆದಿಡಿ. ಕನ್ನಡಿ ಹೆದರಿಸುವಷ್ಟು ಫೋಟೋ ಹೆದರಿಸುವುದಿಲ್ಲ. ಕ್ಯಾಪ್ ಎಲ್ಲಿ ಸರಿಯಾಗಿ ಕೂತಿಲ್ಲ ಅಂತ ಮುಂದಿನ ಸಲ ಸಿಸ್ಟರಿಗೆ ತೋರಿಸಲೂ ಆಗುತ್ತದೆ.

ಹುಬ್ಬು, ರೆಪ್ಪೆಗೆ ಟೋಪಿ ಏನೂ ಮಾಡುವುದಿಲ್ಲ, ಅವು ಹೋಗಬಹುದು. ಅಕ್ಕ ಕಾಡಿಗೆ ಪೆನ್ಸಿಲ್ ಕಲಿತಳು.

ಈ ಮಧ್ಯೆ ಜ್ವರ 100.4 ಡಿಗ್ರಿ ಮುಟ್ಟಿದರೆ ಕೂದಲಿನ ಮಾತು ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿಯಾದರೂ ಸರಿ.

ಟೋಪಿ ಹಾಕಿಯೂ ಹೋಗಿಬಿಟ್ಟರೆ? ನಮ್ಮ ಪಕ್ಕದ ಕುರ್ಚಿಯವರಿಗೆ ಹಾಗೇ ಆಯಿತು, ಕೆಂಪು ಔಷಧಿ ಇತ್ತು. ಎರಡನೇ ಕೀಮೋಗೆ ಬರುವಾಗ ನುಣ್ಣಗೆ ಬೋಳಿಸಿಕೊಂಡೇ ಬಂದರು. ಊರಲ್ಲಿ ಯಾರೋ ‘ಏನವ್ವ, ಬೆಟ್ಟಕ್ಕೆ ಹೋಗಿದ್ರಾ?’ ಅಂದರಂತೆ. ಇವರು ‘ಹ್ಞೂಂ, ಮಾದಪ್ಪನಿಗೆ ಮುಡಿ ಕೊಟ್ಟೆ’ ಅಂದುಬಿಟ್ಟರಂತೆ. ಹೇಳಿ ನಮ್ಮೊಟ್ಟಿಗೆ ನಕ್ಕರು. ನಾನು ಆ ವರ್ಷ ಕೇಳಿದ ಜಾಣ ಉತ್ತರ ಅದು.

ಕೊನೆಯ ಕೀಮೋ ಆದ ಮೇಲೆ

ಇನ್ನೂ ಒಂದು ತಿಂಗಳು, ಒಂದೂವರೆ ತಿಂಗಳು ಉದುರೋದು ನಿಲ್ಲದಿರಬಹುದು. ಎರೆಯೋ ಕ್ರಮ, ಬಾಚೋ ಕ್ರಮ ಹಾಗೇ ಇರಲಿ. ಬಣ್ಣ, ಮೆಹಂದಿ, ಸ್ಟ್ರೇಟನಿಂಗ್‌ಗೆ ಕನಿಷ್ಠ ಮೂರು ತಿಂಗಳು ಕಾಯಿರಿ. ಹೊಸ ಕೂದಲು ಗುಂಗುರಾಗಿಯೋ ಬೇರೆ ಬಣ್ಣದಲ್ಲೋ ಬಂದರೆ ಗಾಬರಿಯಾಗಬೇಡಿ.

ಅಕ್ಕನ ನೆತ್ತಿಯಲ್ಲಿ ಎರಡನೇ ತಿಂಗಳಿಗೆ ಚಿಗುರು ಕಂಡಿತು. ಉಳಿದ ಕೂದಲೆಲ್ಲ ನೇರ, ಅಲ್ಲಿ ಮಾತ್ರ ಸುರುಳಿ. ಬೈತಲೆ ಪಕ್ಕಕ್ಕೆ ತೆಗೆದು ಮುಚ್ಚಿಕೊಂಡಳು. ಮೂರು ತಿಂಗಳು ಕಳೆದ ಮೇಲೆ ಡಾಕ್ಟರನ್ನು ಕೇಳಿಕೊಂಡು ಬಂದು ಅಮ್ಮನ ಮುಂದೆ ಮಣೆ ಹಾಕಿಕೊಂಡು ಕೂತಳು. ಅಮ್ಮ ಬಟ್ಟಲು ತಂದರು. ‘ಮೆಲ್ಲಗೆ ಹಚ್ಚಮ್ಮ, ತಟ್ಟಬೇಡ’ ಅಂದೆ. ತಟ್ಟಿದರು.